ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಪೆಂಡೆ ಮುಖವಾಡ: ಇದು ನಿಜಕ್ಕೂ ವೈದ್ಯನ ಮುಖವಾಡವೇ?

ಪ್ರಶ್ನೆ – ಕಿನ್ಶಾಸಾ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾದಲ್ಲಿ ವಾಸವಾಗಿದ್ದೇನೆ. ಇಲ್ಲಿನ ಕರಕುಶಲ ವಸ್ತುಗಳ ಮಾರುಕಟ್ಟೆಯಲ್ಲಿ ಇತ್ತೀಚೆಗೆ ಮರದ ಒಂದು ಮುಖವಾಡವನ್ನು ಕೊಂಡೆ. ಅದು ಗೇಣಿಗಿಂತ ತುಸು ಉದ್ದವಾಗಿದೆ. ಹಣೆಯಿಂದ ಗಲ್ಲದವರೆಗೆ ನೇರವಾಗಿ ಗೆರೆ ಎಳೆದಂತೆ ಒಂದು ಮಗ್ಗುಲು ಕಪ್ಪಾಗಿಯೂ ಇನ್ನೊಂದು ಮಗ್ಗುಲು ಬಿಳಿಯಾಗಿಯೂ ಇದೆ. ಮೂಗು ವಾರೆಯಾಗಿದೆ, ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗಿದೆ.

ಇದು ಪೆಂಡೆ ಜನರದ್ದೆಂದೂ, ಅವರ ನಾಟಿ ವೈದ್ಯರು ರೋಗ ವಾಸಿಮಾಡಲು ಇದನ್ನು ಧರಿಸುತ್ತಿದ್ದರೆಂದೂ, ನೂರು ವರ್ಷ ಹಳೆಯದೆಂದೂ ಮಾರಿದವರು ಹೇಳಿದರು. ಈ ಮೂರರಲ್ಲಿ ಎಷ್ಟು ನಿಜ? ಊರಿನ ಸ್ನೇಹಿತರೊಬ್ಬರು ಚಿತ್ರ ನೋಡಿ, ನಮ್ಮ ಕರಾವಳಿಯ ಭೂತಾರಾಧನೆಯ ಮೊಗದಂತೆ ಇದರಲ್ಲಿಯೂ ಯಾವುದೋ ಶಕ್ತಿಯ ಆವಾಹನೆ ಇರಬಹುದು, ಮನೆಯ ಗೋಡೆಗೆ ತೂಗುಹಾಕಬೇಡಿ ಎಂದು ಎಚ್ಚರಿಸಿದ್ದಾರೆ. ಅದೇ ಅಂಗಡಿಯಲ್ಲಿ ಹೆಬ್ಬೆರಳಿನಷ್ಟೇ ಇರುವ, ಕೊರಳಿಗೆ ಕಟ್ಟಿಕೊಳ್ಳುವಂಥ ಬಿಳಿಯ ಪುಟ್ಟ ಮುಖಗಳೂ ಇದ್ದವು. ಅವುಗಳ ಬಗ್ಗೆಯೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ – ಮಾನವಶಾಸ್ತ್ರದ ವಿದ್ಯಾರ್ಥಿನಿ

ಮಾನ್ಯರೇ, ತಾವು ವರ್ಣಿಸಿದ ಮುಖವಾಡದ ಹೆಸರು ಮ್ಬಾಂಗು. ಪೆಂಡೆಯವರ ಮುಖವಾಡಗಳಲ್ಲಿ ಹೊರಜಗತ್ತು ಅತಿ ಹೆಚ್ಚು ಗುರುತಿಸುವುದು ಇದನ್ನೇ. ಆದರೆ ಅದು ವೈದ್ಯನ ಮುಖವಲ್ಲ, ಮಾಟಕ್ಕೆ ಗುರಿಯಾಗಿ ಕಾಯಿಲೆ ಬಿದ್ದವನ ಮುಖ. ಮಾರಾಟಗಾರರು ರೋಗಿಯನ್ನೇ ವೈದ್ಯನನ್ನಾಗಿ ಮಾಡಿಬಿಟ್ಟಿದ್ದಾರೆ.

ಮೊದಲು ಜನರ ಬಗ್ಗೆ ಎರಡು ಮಾತು. ಪೆಂಡೆಯವರು ಕಾಂಗೊ ದೇಶದ ನೈರುತ್ಯ ಭಾಗದಲ್ಲಿ, ಈಗಿನ ಕ್ವಿಲು ಮತ್ತು ಕಸಾಯಿ ಪ್ರಾಂತಗಳಲ್ಲಿ ನೆಲೆಸಿದ್ದಾರೆ. ಗುಂಗು ಪಟ್ಟಣದ ಸುತ್ತಲಿನ ಸೀಮೆ ಅವರ ಮುಖ್ಯ ನೆಲೆಗಳಲ್ಲೊಂದು. ತಮ್ಮ ಹಿರಿಯರು ಈಗಿನ ಅಂಗೋಲಾದ ಕಡೆಯಿಂದ ಪೂರ್ವಕ್ಕೆ ವಲಸೆ ಬಂದರೆಂದು ಅವರ ಮೌಖಿಕ ಪರಂಪರೆ ಹೇಳುತ್ತದೆ. ಲೋಆಂಗೆ ನದಿಯ ಈಚೆಗಿನ ಪೆಂಡೆಯವರಿಗೂ ಆಚೆಗಿನ ಪೂರ್ವದ ಪೆಂಡೆಯವರಿಗೂ ಮುಖವಾಡಗಳ ಆಕಾರದಲ್ಲಿಯೂ ಬಳಕೆಯಲ್ಲಿಯೂ ಗಣನೀಯ ವ್ಯತ್ಯಾಸವಿದೆ. ಆದ್ದರಿಂದ ‘ಪೆಂಡೆ ಮುಖವಾಡ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ತಮ್ಮಲ್ಲಿರುವ ಮ್ಬಾಂಗು ನದಿಯ ಪಶ್ಚಿಮಕ್ಕಿರುವವರ, ಅಂದರೆ ಮಧ್ಯ ಪೆಂಡೆಯವರ ಪರಂಪರೆಗೆ ಸೇರಿದ್ದು.

ಅಲ್ಲಿ ಮುಖವಾಡಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಮೊದಲನೆಯವು ಮಿಂಗಾಂಜಿ. ಇವು ಮರದವಲ್ಲ, ರಾಫಿಯಾ ತಾಳೆಯ ನಾರಿನಿಂದ ಹೆಣೆದವು. ಹುಡುಗರಿಗೆ ಸುನ್ನತಿ ಮಾಡಿ ದೀಕ್ಷೆ ಕೊಡುವ ಮುಖಾಂಡ ಎಂಬ ಕಾಡಿನ ಶಿಬಿರಕ್ಕೂ ಇವುಗಳಿಗೂ ಸಂಬಂಧವಿದ್ದು, ಹೆಂಗಸರೂ ದೀಕ್ಷೆಯಾಗದ ಮಕ್ಕಳೂ ಇವುಗಳಿಂದ ದೂರವಿರಬೇಕು. ಎರಡನೆಯವು ಮರದಲ್ಲಿ ಕೆತ್ತಿದ ಊರಿನ ಮುಖವಾಡಗಳು. ಇವು ಹಗಲಿನಲ್ಲಿ, ಊರಿನ ನಡುವಣ ಬಯಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಕುಣಿಯುತ್ತವೆ. ಡೋಲು ಬಾರಿಸುವವರು ಗತಿ ಹಿಡಿದರೆ ಹೆಂಗಸರು ಹಾಡಿಗೆ ದನಿಗೂಡಿಸುತ್ತಾರೆ. ಕುಣಿತ ಸಪ್ಪೆಯಾದರೆ ಪ್ರೇಕ್ಷಕರು ಮುಲಾಜಿಲ್ಲದೆ ಎದ್ದು ಹೋಗುತ್ತಾರೆ.

ಈ ಎರಡನೆಯ ಬಗೆಯಲ್ಲಿ ಒಂದು ಇಡೀ ಊರೇ ಇದೆ ಎನ್ನಬಹುದು. ಫುಮು ಎಂಬುದು ಮುಖ್ಯಸ್ಥನ ಮುಖವಾಡ. ಗಂಬಂಡ ಎಂಬುದು ಚೆಲುವೆಯಾದ ಹೆಣ್ಣಿನದು, ಆದರೆ ಅದನ್ನು ಧರಿಸಿ ಹೆಣ್ಣಿನ ಉಡುಪಿನಲ್ಲಿ ಕುಣಿಯುವವನು ಗಂಡಸೇ, ಏಕೆಂದರೆ ಹೆಂಗಸರು ಮುಖವಾಡ ಧರಿಸುವುದಿಲ್ಲ. ತುಂದು ಎಂಬವನು ಹಾಸ್ಯಗಾರ, ಅವನ ಚೇಷ್ಟೆ ಅನೇಕ ಸಲ ಅಶ್ಲೀಲದ ಅಂಚನ್ನು ದಾಟುತ್ತದೆ. ಗಿವೋಯೊ ಎಂಬ ಮುಖವಾಡದ ಗಲ್ಲದಿಂದ ಉದ್ದನೆಯ ಗಡ್ಡದಂಥ ಹಲಗೆ ಚಾಚಿಕೊಂಡಿರುತ್ತದೆ. ಅದನ್ನು ಮುಖದ ಮುಂದೆ ಕಟ್ಟದೆ ಟೋಪಿಯಂತೆ ತಲೆಯ ಮೇಲೆ ಅಡ್ಡಲಾಗಿ ಧರಿಸುವುದರಿಂದ ಪಕ್ಕದಿಂದ ನೋಡಿದರೆ ಮಾತ್ರ ಅದರ ಆಕಾರ ಸರಿಯಾಗಿ ಕಾಣುತ್ತದೆ. ವಸ್ತುಸಂಗ್ರಹಾಲಯಗಳು ಅದನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ ಎದುರಿನಿಂದ ತೋರಿಸುವುದು ನನಗೆ ಯಾವಾಗಲೂ ವಿಚಿತ್ರವೆನಿಸುತ್ತದೆ.

ಈಗ ಮ್ಬಾಂಗುವಿಗೆ ಬರೋಣ. ಮಾಟಗಾರರ ಕೆಡುಕಿನಿಂದ ಮೂರ್ಛೆರೋಗ ತಗುಲಿ, ಬೆಂಕಿಯೊಳಗೆ ಬಿದ್ದು ಒಂದು ಮಗ್ಗುಲು ಸುಟ್ಟುಹೋದವನು ಇವನು. ಕಪ್ಪು ಅರ್ಧಕ್ಕೆ ಕೊಡುವ ವಿವರಣೆ ಇದು. ವಾರೆಯಾದ ಬಾಯಿ ಮುಖದ ಪಾರ್ಶ್ವವಾಯುವನ್ನು ನೆನಪಿಸುತ್ತದೆ. ಕೆಲವು ಮುಖವಾಡಗಳಲ್ಲಿ ಸಿಡುಬಿನ ಕಲೆಗಳೂ ಇರುತ್ತವೆ. ಕೆತ್ತನೆಗಾರರು ಒಬ್ಬನೇ ರೋಗಿಯ ಲಕ್ಷಣಗಳನ್ನು ನಕಲು ಮಾಡಲಿಲ್ಲ, ಮನುಷ್ಯನ ಮುಖವನ್ನು ಕೆಡಿಸಬಲ್ಲ ಹಲವು ವ್ಯಾಧಿಗಳನ್ನು ಒಂದೇ ಮುಖದಲ್ಲಿ ತಂದು ಕೂಡಿಸಿದರು. ಕುಣಿಯುವವನ ಬೆನ್ನಿಗೆ ಗೂನು ಕಟ್ಟಿ, ಅದಕ್ಕೆ ಬಾಣವೊಂದನ್ನು ಸಿಕ್ಕಿಸುತ್ತಾರೆ. ಮಾಟಗಾರರು ಹೊಡೆದ ಕಣ್ಣಿಗೆ ಕಾಣದ ಬಾಣ ಅದು. ಅವನು ಕೋಲೂರಿಕೊಂಡು, ನರಳುವವನಂತೆ ಮೈ ಬಾಗಿಸಿ ಬರುತ್ತಾನೆ. ನೆರೆಯವನ ದುರದೃಷ್ಟವನ್ನು ಕಂಡು ನಗಬಾರದು, ನಾಳೆ ಅದು ಯಾರಿಗೂ ಬಂದೀತು ಎಂಬ ಭಾವ ಈ ಪಾತ್ರದ ಹಿಂದಿದೆ.

ತಮ್ಮ ಸ್ನೇಹಿತರ ಆತಂಕಕ್ಕೂ ಇದರಲ್ಲಿ ಉತ್ತರವಿದೆ. ಭೂತಾರಾಧನೆಯಲ್ಲಿ ಪಾತ್ರಿಯ ಮೇಲೆ ದೈವ ಬರುತ್ತದೆ. ಮ್ಬಾಂಗುವನ್ನು ಕುಣಿಯುವವನ ಮೈಮೇಲೆ ಏನೂ ಬರುವುದಿಲ್ಲ, ಅವನು ಪಾತ್ರವನ್ನು ಅಭಿನಯಿಸುತ್ತಾನೆ, ಚೆನ್ನಾಗಿ ಅಭಿನಯಿಸಿದರೆ ಹೆಸರು ಗಳಿಸುತ್ತಾನೆ. ಗೋಡೆಗೆ ತೂಗುಹಾಕಲು ಯಾವ ಅಡ್ಡಿಯೂ ಇಲ್ಲ.

ಉತ್ತರ – ಸಾಗರದ ಕೆತ್ತನೆಗಾರ

ನನಗೆ ಆ ದೇಶದ ಆಚಾರ ವಿಚಾರಗಳ ಪರಿಚಯವಿಲ್ಲ, ಆದರೆ ಮರದ ಬಗ್ಗೆ ಒಂದಿಷ್ಟು ಹೇಳಬಲ್ಲೆ. ನೂರು ವರ್ಷ ಹಳೆಯದೋ ಅಲ್ಲವೋ ಎಂಬುದನ್ನು ಮುಂಭಾಗ ನೋಡಿ ನಿರ್ಧರಿಸಬಾರದು, ಏಕೆಂದರೆ ಮೋಸ ಮಾಡುವವರು ತಮ್ಮ ಶ್ರಮವನ್ನೆಲ್ಲ ಅಲ್ಲೇ ಸುರಿದಿರುತ್ತಾರೆ. ಹೊಗೆ ಹಾಕುವುದು, ಕೆಸರಿನಲ್ಲಿ ಹೂತಿಡುವುದು, ಚಹಾದ ಗಷ್ಟು ಬಳಿಯುವುದು ಎಲ್ಲ ಊರುಗಳಲ್ಲೂ ಇರುವ ವಿದ್ಯೆಯೇ.

ಮುಖವಾಡವನ್ನು ತಿರುಗಿಸಿ ಒಳಗನ್ನು ನೋಡಿ. ಒಬ್ಬ ಮನುಷ್ಯ ಅದನ್ನು ಕಟ್ಟಿಕೊಂಡು ಬೆವರು ಸುರಿಸಿ ಕುಣಿದಿದ್ದರೆ ಹಣೆ, ಕೆನ್ನೆಯ ಮೂಳೆ ಮತ್ತು ಮೂಗಿನ ಬುಡ ತಾಗುವ ಕಡೆಗಳಲ್ಲಿ ಮಾತ್ರ ಮರ ನುಣುಪಾಗಿ, ಎಣ್ಣೆ ಹಿಡಿದಂತೆ ಕಪ್ಪಾಗಿರುತ್ತದೆ, ಉಳಿದ ಕಡೆ ಉಳಿ ಬಾಚಿಗಳ ಗೀರುಗಳು ಹಾಗೆಯೇ ಉಳಿದಿರುತ್ತವೆ. ಒಳಗೆಲ್ಲ ಒಂದೇ ಸಮನಾಗಿ ಕಂದು ಬಣ್ಣವಿದ್ದರೆ ಅದು ಬಳಿದದ್ದು. ಅಂಚಿನ ಸುತ್ತ ತೂತುಗಳಿರಬೇಕು, ನಾರಿನ ತಲೆಕಟ್ಟನ್ನು ಹೊಲಿಯದೆ ಮುಖವಾಡವನ್ನು ಧರಿಸುವಂತಿಲ್ಲವಲ್ಲ. ದಾರ ಎಳೆದಾಡಿದ ತೂತು ಒಂದು ಕಡೆಗೆ ಸವೆದು ಉದ್ದವಾಗಿರುತ್ತದೆ. ಕಾದ ಕಬ್ಬಿಣದ ಸರಳಿನಿಂದ ಆಗತಾನೆ ಚುಚ್ಚಿದ ತೂತು ದುಂಡಗೆ, ಅಂಚು ಕರಕಲಾಗಿ ಇರುತ್ತದೆ.

ಇನ್ನೊಂದು ಪರೀಕ್ಷೆ ಎಂದರೆ ಅದನ್ನು ಮುಖಕ್ಕೆ ಹಿಡಿದು ನೋಡುವುದು. ಕಣ್ಣಿನ ಸೀಳಿನಿಂದ ನೆಲ ಕಾಣುತ್ತದೆಯೇ? ಮೂಗಿಗೆ ಜಾಗವಿದೆಯೇ? ಗೋಡೆಗೆಂದೇ ಮಾಡಿದ ಮುಖವಾಡದ ಒಳಗನ್ನು ಆಳವಾಗಿ ತೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಕೂಲಿ ಗಿಟ್ಟುವುದಿಲ್ಲ.

ಪ್ರಶ್ನಿಸಿದವರು – ಕಿನ್ಶಾಸಾ ಕನ್ನಡಿಗ

ಇಬ್ಬರಿಗೂ ಕೃತಜ್ಞತೆಗಳು. ತಾವು ಹೇಳಿದಂತೆ ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಮರ ಬೂರುಗದಷ್ಟು ಹಗುರವಾಗಿದೆ. ಒಳಗೆ ಬಾಚಿಯ ಸಣ್ಣ ಸಣ್ಣ ಕಚ್ಚುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ಕಾಣುತ್ತವೆ, ಬಣ್ಣ ಬಳಿದಿಲ್ಲ, ಬರಿಯ ಮರ ತಿಳಿ ಹಳದಿಯಾಗಿದೆ. ಅಂಚಿನಲ್ಲಿ ತೂತುಗಳಿವೆ, ಆದರೆ ಸವೆದಿಲ್ಲ. ಕಣ್ಣಿನ ಸೀಳುಗಳು ಕಿರಿದಾದರೂ ಮುಖಕ್ಕೆ ಹಿಡಿದಾಗ ನನ್ನ ಪಾದಗಳೂ ಅವುಗಳ ಮುಂದಿನ ಎರಡು ಹೆಜ್ಜೆ ನೆಲವೂ ಕಾಣಿಸಿದವು. ಬಿಳಿಯ ಭಾಗವನ್ನು ಒದ್ದೆ ಬೆರಳಿನಿಂದ ಉಜ್ಜಿದರೆ ಸುಣ್ಣದಂಥ ಪುಡಿ ಬೆರಳಿಗೆ ಹತ್ತುತ್ತದೆ. ಹಾಗಾದರೆ ಇದು ಹೊಸದು ಎಂದಾಯಿತು. ಹೊಸದಾದರೆ ಇದನ್ನು ನಕಲಿ ಎನ್ನಬೇಕೇ?

ಉತ್ತರ – ಕಲಾ ಇತಿಹಾಸದ ಅಧ್ಯಾಪಕ

ತಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಾದರೆ, ಹೊಸದು ಎಂಬ ಒಂದೇ ಕಾರಣಕ್ಕೆ ನಕಲಿ ಎನ್ನಲಾಗದು. ಕುಣಿಯಲು ಯೋಗ್ಯವಾಗಿ ಕೆತ್ತಲ್ಪಟ್ಟು ಇನ್ನೂ ಕುಣಿಯದಿರುವ ಮುಖವಾಡ ಎನ್ನುವುದು ಹೆಚ್ಚು ಸರಿ. ಹಗುರವಾದ ಮರವೂ ಒಳ್ಳೆಯ ಸೂಚನೆಯೇ. ಪೆಂಡೆ ಕೆತ್ತನೆಗಾರರು ಸಾಂಪ್ರದಾಯಿಕವಾಗಿ ಆರಿಸಿಕೊಳ್ಳುವುದು ಹರಳು ಗಿಡದ ಕುಟುಂಬಕ್ಕೆ ಸೇರಿದ, ರಿಸಿನೊಡೆಂಡ್ರಾನ್ ಎಂಬ ಕುಲನಾಮದ ಹಗುರ ಮರವನ್ನು. ಬಾಚಿಯಿಂದ ಆಕಾರ ತೆಗೆದು, ಚಾಕುವಿನಿಂದ ಕಣ್ಣು, ತುಟಿಗಳನ್ನು ಬಿಡಿಸುತ್ತಾರೆ. ಬಿಳುಪಿಗೆ ಬಿಳಿ ಜೇಡಿಮಣ್ಣು, ಕಪ್ಪಿಗೆ ಇದ್ದಿಲು, ಉಳಿದ ಹೆಚ್ಚಿನ ಮುಖವಾಡಗಳ ಮೈಬಣ್ಣವಾದ ಕೆಂಪಿಗೆ ತುಕುಲ ಎಂಬ ಮರದ ತಿರುಳಿನ ಪುಡಿ, ಇವು ಹಳೆಯ ಕ್ರಮದ ಬಣ್ಣಗಳು. ತಮ್ಮ ಬೆರಳಿಗೆ ಹತ್ತಿದ್ದು ಅಂಗಡಿಯ ಎನಾಮೆಲ್ ಬಣ್ಣವಂತೂ ಅಲ್ಲ.

ಈ ಚರ್ಚೆಯಲ್ಲಿ ಇನ್ನೂ ಯಾರೂ ಪ್ರಸ್ತಾಪಿಸದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಹಳೆಯದಾದಷ್ಟೂ ಅಸಲಿ ಎಂಬ ಅಳತೆಗೋಲು ಸಂಗ್ರಾಹಕರದ್ದು, ಪೆಂಡೆಯವರದ್ದಲ್ಲ. 1980ರ ದಶಕದ ಕೊನೆಯ ಭಾಗದಲ್ಲಿ ಮಧ್ಯ ಪೆಂಡೆಯವರ ನಡುವೆ ದೀರ್ಘಕಾಲ ಇದ್ದು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸೆ ಝೋಯಿ ಸ್ಟ್ರೋದರ್ ಅವರು, ಊರಿನ ಮುಖವಾಡಗಳು ಕಾಲಕಾಲಕ್ಕೆ ಹೊಸದಾಗಿ ಹುಟ್ಟುತ್ತಲೇ ಬಂದಿವೆ, ಹಳೆಯವು ರುಚಿ ಕಳೆದುಕೊಂಡು ಮರೆಯಾಗುತ್ತಲೂ ಇವೆ ಎಂಬುದನ್ನು ವಿವರವಾಗಿ ತೋರಿಸಿದರು. ಹೊಸ ಮುಖವಾಡ ಹುಟ್ಟುವ ಕ್ರಮವೂ ನಾವು ಊಹಿಸುವುದಕ್ಕೆ ತಿರುವುಮುರುವಾಗಿದೆ. ಕೆತ್ತನೆಗಾರ ಮೊದಲು ಮುಖ ಕೆತ್ತಿ, ಅದಕ್ಕೆ ತಕ್ಕ ಕುಣಿತವನ್ನು ಯಾರೋ ಆಮೇಲೆ ಕಟ್ಟುವುದಿಲ್ಲ. ಸಾಮಾನ್ಯವಾಗಿ ಯುವಕನಾದ ನರ್ತಕನೊಬ್ಬನಿಗೆ ಪಾತ್ರವೊಂದು ಹೊಳೆಯುತ್ತದೆ, ಅವನು ಡೋಲಿನವರ ಜೊತೆ ಕುಳಿತು ಹೆಜ್ಜೆ ಮತ್ತು ಗತಿಯನ್ನು ಕೂಡಿಸುತ್ತಾನೆ, ಹಾಡು ಮತ್ತು ಉಡುಪು ಒಂದು ರೂಪಕ್ಕೆ ಬರುತ್ತವೆ, ಇಷ್ಟೆಲ್ಲ ಆದಮೇಲೆ ಕೆತ್ತನೆಗಾರನ ಬಳಿಗೆ ಹೋಗಿ ಇಂಥವನಿಗೆ ಒಂದು ಮುಖ ಬೇಕು ಎಂದು ಕೇಳುತ್ತಾನೆ. ಆದ್ದರಿಂದ ಮರದ ಮುಖವನ್ನಷ್ಟೇ ಗಾಜಿನ ಪೆಟ್ಟಿಗೆಯಲ್ಲಿಟ್ಟಾಗ ಕೃತಿಯ ಕೊನೆಯ ಭಾಗವನ್ನು ಮಾತ್ರ ಇಟ್ಟಂತಾಗುತ್ತದೆ.

ಹಾಗೆಂದು ಕೆತ್ತನೆಗಾರನ ಪಾತ್ರ ಚಿಕ್ಕದೇನಲ್ಲ. ದೂರದಲ್ಲಿ ನಿಂತ ಪ್ರೇಕ್ಷಕರು ಮುಖ ನೋಡಿದ ಕೂಡಲೇ ಇವನು ಎಂಥವನು ಎಂದು ತಿಳಿಯಬೇಕು. ಎರಡೂ ಹುಬ್ಬುಗಳು ಕೂಡಿ ಒಂದೇ ಕಮಾನಾಗುವುದು, ಅರೆಮುಚ್ಚಿದ ಭಾರವಾದ ರೆಪ್ಪೆಗಳು, ತುದಿ ತುಸು ಮೇಲೆದ್ದ ಮೂಗು, ಚೂಪುಮಾಡಿದ ಹಲ್ಲು, ಇವು ಮಧ್ಯ ಪೆಂಡೆ ಶೈಲಿಯ ಸಾಮಾನ್ಯ ಗುರುತುಗಳು. ಇವುಗಳೊಳಗೇ ಸೂಕ್ಷ್ಮ ಭೇದಗಳಿವೆ. ಉಬ್ಬಿದ ಹಣೆಯೂ ಎದ್ದ ಕೆನ್ನೆಮೂಳೆಯೂ ಗಂಡಿನ ದುಡುಕು, ಸಿಟ್ಟುಗಳನ್ನು ಸೂಚಿಸಿದರೆ, ನಯವಾದ ಹಣೆ ಮತ್ತು ತಗ್ಗಿದ ನೋಟ ಹೆಣ್ಣಿನವು. ಆಶ್ಚರ್ಯವೆಂದರೆ ಮುಖ್ಯಸ್ಥನಾದ ಫುಮುವಿನ ಮುಖ ಅತ್ಯಂತ ಗಂಡಸುತನದ್ದಾಗಿರುವುದಿಲ್ಲ. ಊರನ್ನು ಕಾಯುವವನು ತನ್ನನ್ನು ಹಿಡಿತದಲ್ಲಿಟ್ಟುಕೊಂಡವನಾಗಿರಬೇಕು ಎಂಬ ಕಾರಣಕ್ಕೆ ಅವನ ಮುಖದಲ್ಲಿ ಸೌಮ್ಯತೆ ಬೆರೆತಿರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗಬಾಮಾ ಆ ಗಿಂಗುಂಗು ಎಂಬ ಕೆತ್ತನೆಗಾರನ ಕೈಯಲ್ಲಿ ಈ ಶೈಲಿ ಎಷ್ಟು ಪ್ರಸಿದ್ಧವಾಯಿತೆಂದರೆ ಅವನ ಮಾದರಿಯನ್ನು ಅನೇಕರು ಅನುಸರಿಸಿದರು. ‘ಅನಾಮಿಕ ಬುಡಕಟ್ಟು ಕಲಾವಿದ’ ಎಂದು ಫಲಕ ಬರೆಯುವ ಚಾಳಿಗೆ ಈ ಒಂದು ಹೆಸರೇ ಸಾಕಷ್ಟು ಉತ್ತರ.

ತಮ್ಮ ಮ್ಬಾಂಗುವಿನ ಬಂಧುವೊಂದಕ್ಕೆ ಯುರೋಪಿನ ಕಲೆಯ ಚರ್ಚೆಯಲ್ಲಿಯೂ ಒಂದು ಸ್ಥಾನ ಸಿಕ್ಕಿತು. 1984ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಏರ್ಪಡಿಸಿದ್ದ ಪ್ರದರ್ಶನವೊಂದರಲ್ಲಿ ಅದರ ಸಂಯೋಜಕರಾದ ವಿಲಿಯಂ ರೂಬಿನ್ ಅವರು ಪಿಕಾಸೊ 1907ರಲ್ಲಿ ಬಿಡಿಸಿದ ಅವಿನ್ಯೋನ್ ಹೆಂಗಸರ ಚಿತ್ರದ ವಿಕೃತ ಮುಖವೊಂದನ್ನು ಪೆಂಡೆಯವರ ಈ ರೋಗಿಯ ಮುಖವಾಡದೊಂದಿಗೆ ಹೋಲಿಸಿದರು. ಪಿಕಾಸೊ ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅಂಥ ಮುಖವಾಡವನ್ನು ನೋಡಿರುವ ಸಾಧ್ಯತೆ ಇರಲಿಲ್ಲ ಎಂಬುದನ್ನು ಅವರೇ ಒಪ್ಪಿದ್ದರು. ಹಾಗಿದ್ದರೂ ಹೋಲಿಕೆ ಪ್ರಚಾರ ಪಡೆಯಿತು. ಪಿಕಾಸೊವಿನ ಮುಖ ಭಯವನ್ನು ಹುಟ್ಟಿಸುತ್ತದೆ, ಮ್ಬಾಂಗು ಕೇಳುವುದು ಕನಿಕರವನ್ನು. ಮೇಲ್ನೋಟದ ಸೊಟ್ಟತನವೊಂದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲವೆಂದೇ ನನ್ನ ಅಭಿಪ್ರಾಯ.

ಉತ್ತರ – ಮಾನವಶಾಸ್ತ್ರದ ವಿದ್ಯಾರ್ಥಿನಿ

ಅಧ್ಯಾಪಕರ ಮಾತುಗಳಿಗೆ ನನ್ನ ಸಮ್ಮತಿಯಿದೆ, ಆದರೆ ಒಂದು ತಿದ್ದುಪಡಿ ಅಗತ್ಯ. ಅವರು ಹೇಳಿದ್ದು ಮಧ್ಯ ಪೆಂಡೆಯವರ ಊರಿನ ಮುಖವಾಡಗಳಿಗೆ ಮಾತ್ರ ಅನ್ವಯಿಸುತ್ತದೆ. ಇದನ್ನು ಓದಿದವರು ಪೆಂಡೆ ಮುಖವಾಡಗಳೆಲ್ಲ ಕೇವಲ ಮನರಂಜನೆಯವು ಎಂದು ತಿಳಿದುಕೊಳ್ಳಬಾರದು. ಲೋಆಂಗೆ ನದಿಯ ಪೂರ್ವಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಗಿಪೋಗೊ ಎಂಬ ಮುಖವಾಡವಿದೆ. ಅದು ಇಡೀ ತಲೆಯನ್ನು ಮುಚ್ಚುವ ಗಂಟೆಯಾಕಾರದ ಶಿರಸ್ತ್ರಾಣದಂತಿದ್ದು, ಗಲ್ಲದ ಕೆಳಗೆ ಅಗಲವಾದ ತಟ್ಟೆಯಂಥ ಗಡ್ಡವಿರುತ್ತದೆ. ಅದು ಮುಖ್ಯಸ್ಥನ ಸ್ವತ್ತು. ಅವನ ಅಧಿಕಾರದ ಮನೆಯಾದ ಕಿಬುಲುವಿನಲ್ಲಿ ಇರುವ ವಸ್ತು ಅದು, ಊರಿನ ಕ್ಷೇಮಕ್ಕೂ ಅದಕ್ಕೂ ನಂಟಿದೆ. ಅಗಲವಾದ ಕಿವಿಗಳು ಎರಡೂ ಬದಿಗೆ ಅಡ್ಡಲಾಗಿ ಚಾಚಿಕೊಂಡಿರುವ ಪಾನ್ಯಾ ನ್ಗೊಂಬೆ ಎಂಬ ಆಕಾರವನ್ನು ಅದೇ ಮನೆಯ ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ ಕೆತ್ತುವ ವಾಡಿಕೆಯೂ ಇತ್ತು. ಇಂಥವನ್ನು ಮಾರುಕಟ್ಟೆಯಲ್ಲಿ ಯಾರಾದರೂ ‘ಹಳೆಯದು’ ಎಂದು ಮಾರಿದರೆ, ಅದು ಮುಖ್ಯಸ್ಥನ ಮನೆಯಿಂದ ಹೇಗೆ ಹೊರಬಂತು ಎಂಬುದನ್ನು ಮೊದಲು ಕೇಳಬೇಕು. ಹೊಸದಾಗಿ ಕೆತ್ತಿದ ಮ್ಬಾಂಗುವನ್ನು ಕೆತ್ತಿದವನಿಂದ ಹಣ ಕೊಟ್ಟು ಕೊಳ್ಳುವುದರಲ್ಲಿ ಆ ಮುಜುಗರವಿಲ್ಲ. ನನ್ನನ್ನು ಕೇಳಿದರೆ ಅದು ಹೊಸದಾಗಿರುವುದೇ ತಮಗೆ ಒಳ್ಳೆಯದಾಯಿತು.

ಹಳೆಯ ವಸ್ತುಗಳು ಹೊರದೇಶಗಳಿಗೆ ಹೋದ ಕಾಲವೂ ಸುಖದ್ದಾಗಿರಲಿಲ್ಲ. ಬೆಲ್ಜಿಯನ್ನರ ಆಳ್ವಿಕೆಯಲ್ಲಿ ಪೆಂಡೆ ಸೀಮೆಯ ಜನರನ್ನು ತಾಳೆಹಣ್ಣು ಕೀಳುವ ಕೆಲಸಕ್ಕೆ ಬಲವಂತದಿಂದ ಹಚ್ಚಿದ್ದರು. ಬೆಲೆ ಕುಸಿದು ತೆರಿಗೆಯ ಹೊರೆ ಮಾತ್ರ ಉಳಿದಾಗ, 1931ರಲ್ಲಿ ಅವರು ದಂಗೆ ಎದ್ದರು. ಮ್ಯಾಕ್ಸಿಮಿಲಿಯನ್ ಬಾಲೋ ಎಂಬ ವಸಾಹತು ಅಧಿಕಾರಿ ಆ ವರ್ಷದ ಜೂನ್ ತಿಂಗಳಲ್ಲಿ ಹತನಾದ. ಪ್ರತೀಕಾರದಲ್ಲಿ 500ಕ್ಕೂ ಹೆಚ್ಚು ಪೆಂಡೆಯವರು ಕೊಲ್ಲಲ್ಪಟ್ಟರು. ಬಾಲೋನ ಕೆರಳಿದ ಪ್ರೇತವನ್ನು ಹತೋಟಿಯಲ್ಲಿಡಲು ಅವನ ಮರದ ಪ್ರತಿಮೆಯೊಂದನ್ನು ಕೆತ್ತಿದ್ದರು. ಅಮೆರಿಕದ ವರ್ಜೀನಿಯಾ ಲಲಿತಕಲಾ ಸಂಗ್ರಹಾಲಯದಲ್ಲಿರುವ ಆ ಪ್ರತಿಮೆಯನ್ನು ಕಾಂಗೊದ ತೋಟ ಕಾರ್ಮಿಕರ ಕಲಾಬಳಗ ಬಹುಕಾಲ ಕೇಳಿದ ಮೇಲೆ, 2024ರಲ್ಲಿ ಸಾಲದ ರೂಪದಲ್ಲಿ ಕ್ವಿಲು ಪ್ರಾಂತದ ಲುಸಾಂಗಾ ಎಂಬ ಊರಿಗೆ ತಂದು ತೋರಿಸಲಾಯಿತು. ಅದು ಮುಖವಾಡವಲ್ಲವಾದರೂ ಅದೇ ಜನರ ಅದೇ ಬಾಚಿಯ ಕೆಲಸ.

ಉತ್ತರ – ಬಂದರಿನ ಗುಮಾಸ್ತ

ಆ ಬಿಳಿಯ ಪುಟ್ಟ ಮುಖಗಳ ಪ್ರಶ್ನೆ ಹಾಗೆಯೇ ಉಳಿದಿದೆ. ಅವುಗಳನ್ನು ಇಖೋಕೊ ಎನ್ನುತ್ತಾರೆ. ಊರಿನ ಮುಖವಾಡಗಳನ್ನೇ ಚಿಕ್ಕದು ಮಾಡಿ ಆನೆಯ ದಂತದಲ್ಲಿ ಅಥವಾ ನೀರುಕುದುರೆಯ ಹಲ್ಲಿನಲ್ಲಿ ಕೆತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಹಳೆಯವುಗಳಲ್ಲಿ ಮೂಗು, ಹುಬ್ಬುಗಳು ನೀರಿನಲ್ಲಿ ಕರಗಿದ ಸಾಬೂನಿನಂತೆ ಸವೆದಿರುತ್ತವೆ, ಬೆಳ್ಳಗಿರಲೆಂದು ನಿತ್ಯವೂ ತಿಕ್ಕಿ ತೊಳೆಯುತ್ತಿದ್ದುದೇ ಅದಕ್ಕೆ ಕಾರಣ. ಎಷ್ಟೇ ಅಂದವಾಗಿದ್ದರೂ ದಯವಿಟ್ಟು ಕೊಳ್ಳಬೇಡಿ. ಆಫ್ರಿಕಾದ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 1989ರಲ್ಲಿ ನಿರ್ಬಂಧದ ತೀರ್ಮಾನವಾಯಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಮಾಡಿದ ತಿದ್ದುಪಡಿ ಆಮದಾದ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಷೇಧಿಸಿತು. ನೀರುಕುದುರೆಯ ಹಲ್ಲಿಗೂ ಅಂತರರಾಷ್ಟ್ರೀಯ ಪರವಾನಗಿ ಬೇಕು. ಅದು ಬರಿಯ ಮೂಳೆ ಎಂದು ಅಂಗಡಿಯವರು ಹೇಳಿದರೂ ವಿಮಾನ ನಿಲ್ದಾಣದಲ್ಲಿ ಅದನ್ನು ಸಾಬೀತು ಮಾಡಬೇಕಾದವರು ತಾವೇ. ಮರದ ಮುಖವಾಡವನ್ನು ಊರಿಗೆ ತರುವುದಾದರೆ ಕೊಂಡ ರಸೀದಿಯನ್ನು ಜೊತೆಯಲ್ಲಿಟ್ಟುಕೊಳ್ಳಿ, ಹುಳು ಹಿಡಿದಿಲ್ಲವೆಂಬುದನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ. ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇದೆ ಎಂದೇ ಅರ್ಥ.

ಪ್ರಶ್ನಿಸಿದವರು – ಕಿನ್ಶಾಸಾ ಕನ್ನಡಿಗ

ಪುಡಿ ಏನೂ ಉದುರುತ್ತಿಲ್ಲ. ಇಖೋಕೊ ಕೊಳ್ಳುವ ಯೋಚನೆಯನ್ನು ಬಿಟ್ಟಿದ್ದೇನೆ. ಇಲ್ಲಿಯೇ ಇರುವಾಗ ಹಳೆಯ ಕೆತ್ತನೆಗಳನ್ನೂ, ಸಾಧ್ಯವಾದರೆ ಕುಣಿತವನ್ನೂ ನೋಡಬೇಕೆಂಬ ಆಸೆಯಾಗಿದೆ. ಎಲ್ಲಿಗೆ ಹೋಗಬೇಕು?

ಉತ್ತರ – ಕಲಾ ಇತಿಹಾಸದ ಅಧ್ಯಾಪಕ

ಪೆಂಡೆ ಮುಖವಾಡಗಳ ದೊಡ್ಡ ಸಂಗ್ರಹವಿರುವುದು ಬ್ರಸೆಲ್ಸ್ ಬಳಿಯ ಟೆರ್ವೂರೆನ್ ವಸ್ತುಸಂಗ್ರಹಾಲಯದಲ್ಲಿ. ತಾವು ಅಷ್ಟು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕೊರಿಯಾದ ನೆರವಿನಿಂದ ಕಟ್ಟಿ 2019ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತಮ್ಮ ಊರಿನಲ್ಲೇ ಇದೆ. ಪೆಂಡೆಯವರ ನೆರೆಯ ಸುಕು ಜನರ ಕಾಕುಂಗು ಎಂಬ ಬೃಹತ್ ಮುಖವಾಡವನ್ನು 2022ರ ಜೂನ್‌ನಲ್ಲಿ ಬೆಲ್ಜಿಯಂ ದೊರೆ ಫಿಲಿಪ್ ಅವರು ಒಪ್ಪಿಸಿದ್ದು ಅಲ್ಲಿಯೇ, ಅದೂ ಅವಧಿ ಗೊತ್ತುಪಡಿಸದ ಸಾಲ ಎಂಬ ಹೆಸರಿನಲ್ಲಿ. ಕುಣಿತ ನೋಡಬೇಕಾದರೆ ಗುಂಗು ಕಡೆಗೆ ಹೋಗಬೇಕು. ಕಿಕ್ವಿಟ್‌ವರೆಗೆ ಹೆದ್ದಾರಿ ಇದೆ, ಅಲ್ಲಿಂದ ಮುಂದಿನ ರಸ್ತೆಯ ಸ್ಥಿತಿಯನ್ನು ಸ್ಥಳೀಯರನ್ನು ಕೇಳಿಯೇ ಹೊರಡಿ, ಮಳೆಗಾಲವನ್ನು ತಪ್ಪಿಸಿ. ಹೋದಾಗ ತಮ್ಮ ಮುಖವಾಡದ ಒಂದು ಚಿತ್ರ ಕೈಯಲ್ಲಿರಲಿ. ಅದು ಯಾವ ಊರಿನ ಕೆತ್ತನೆ ಎಂಬುದನ್ನು ಅಲ್ಲಿನ ಕೆತ್ತನೆಗಾರರು ಹುಬ್ಬಿನ ಬಾಗು ನೋಡಿಯೇ ಹೇಳಿಯಾರು.